ಸೈಕಲ್ ಸವಾರನಿಗೂ ರಸ್ತೆಯಲ್ಲಿ ಹಕ್ಕಿದೆ: ಕಾನೂನು, ವಿಮೆ ಮತ್ತು ನಾವು ತಿಳಿದಿರಬೇಕಾದ ಸಂಗತಿಗಳು

ರಸ್ತೆ ಅಪಘಾತದ ಸುದ್ದಿಗಳ ನಡುವೆ ಸೈಕಲ್ ಸವಾರನ ಸಾವಿಗೆ ಸಿಗುವುದು ಒಳಪುಟದ ನಾಲ್ಕು ಸಾಲು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮೃತಪಟ್ಟವರು 1,68,491 ಮಂದಿ. ಅವರಲ್ಲಿ 4,836 ಮಂದಿ ಸೈಕಲ್ ಸವಾರರು. ಅಂದರೆ ದಿನಕ್ಕೆ ಸರಾಸರಿ 13 ಜನ. ಒಟ್ಟು ಲೆಕ್ಕದಲ್ಲಿ ಇದು ಶೇಕಡಾ 3ಕ್ಕಿಂತ ಕಡಿಮೆ ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಈ 13 ಮನೆಗಳಲ್ಲಿ ಹೆಚ್ಚಿನವು ದಿನದ ದುಡಿಮೆಯಿಂದಲೇ ಅಂದಿನ ಒಲೆ ಉರಿಯಬೇಕಾದ ಮನೆಗಳು ಎಂಬುದನ್ನು ಮರೆಯುವಂತಿಲ್ಲ.

"ನಮ್ಮ ಊರಲ್ಲಿ ಈಗ ಸೈಕಲ್ ತುಳಿಯುವವರು ಯಾರಿದ್ದಾರೆ?" ಎಂದು ಕೇಳುವವರಿದ್ದಾರೆ. ಮೀನು ಮಾರುವವರು ಮೊಪೆಡ್‌ಗೆ, ಬ್ರೆಡ್ಡು ಮಾರುವವರು ರಿಕ್ಷಾಕ್ಕೆ ಬದಲಾಗಿರುವುದು ನಿಜ. ಆದರೂ ಬೆಳಿಗ್ಗೆ ಐದೂವರೆಗೆ ತಲಪಾಡಿಯಿಂದ ಕುಂದಾಪುರದವರೆಗೆ ಹೆದ್ದಾರಿಯ ಬದಿಯಲ್ಲಿ ನಿಂತು ನೋಡಿದರೆ ಸೈಕಲ್‌ಗಳು ಕಾಣುತ್ತವೆ. ಪೇಪರ್ ಹಾಕುವ ಹುಡುಗರು, ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದು ಕಟ್ಟಡದ ಕೆಲಸಕ್ಕೆ ಹೋಗುವವರು, ಗೇರುಬೀಜ ಕಾರ್ಖಾನೆಯ ಕಾವಲುಗಾರರು, ಬಸ್ಸಿಲ್ಲದ ಒಳರಸ್ತೆಗಳ ಶಾಲಾ ಮಕ್ಕಳು. ಇವರ ಜೊತೆಗೆ ಇತ್ತೀಚೆಗೆ ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಧರಿಸಿ, ಬಣ್ಣದ ಅಂಗಿ ತೊಟ್ಟು ಹೊರಡುವ ವೈದ್ಯರು, ಬ್ಯಾಂಕ್ ಅಧಿಕಾರಿಗಳು. ಎರಡನೆಯ ಗುಂಪಿಗೆ ಅಪಘಾತವಾದರೆ ಕೇಳುವವರಿದ್ದಾರೆ. ನಾವು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಮೊದಲನೆಯ ಗುಂಪಿನವರಿಗಾಗಿ, ಮತ್ತು ಅವರ ಮನೆಗಳಿಗೆ ಹೋಗಿ ಬರುವ ನಮ್ಮ ಕಾರ್ಯಕರ್ತರಿಗಾಗಿ.

ಈ ವಿಷಯ ಈಗ ಏಕೆ? 2025ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು ಒಂದು ಮಹತ್ವದ ಆದೇಶ ನೀಡಿತು. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಕರನ್ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯ ವಿಚಾರಣೆಯಲ್ಲಿ ಬಂದ ಆದೇಶವಿದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಲಾದ 138(1ಎ) ಕಲಮಿನ ಅಡಿಯಲ್ಲಿ ಪಾದಚಾರಿಗಳು ಮತ್ತು ಯಂತ್ರಚಾಲಿತವಲ್ಲದ ವಾಹನಗಳ ಬಗ್ಗೆ ಆರು ತಿಂಗಳೊಳಗೆ ನಿಯಮ ರೂಪಿಸಬೇಕೆಂದು ಎಲ್ಲ ರಾಜ್ಯ ಸರಕಾರಗಳಿಗೆ ನ್ಯಾಯಾಲಯ ಸೂಚಿಸಿತು. ಯಂತ್ರಚಾಲಿತವಲ್ಲದ ವಾಹನ ಎಂದರೆ ಸೈಕಲ್, ಕೈಗಾಡಿ, ಎತ್ತಿನ ಗಾಡಿ.

ಸಂತೋಷದ ಸುದ್ದಿಯೇ. ಆದರೆ ಆ ಕಲಮಿನ ಮಾತುಗಳನ್ನು ಗಮನವಿಟ್ಟು ಓದಬೇಕು. ಇಂತಹ ವಾಹನಗಳು ಸಾರ್ವಜನಿಕ ಸ್ಥಳಗಳಿಗೂ ರಾಷ್ಟ್ರೀಯ ಹೆದ್ದಾರಿಗಳಿಗೂ ಪ್ರವೇಶಿಸುವುದನ್ನು "ನಿಯಂತ್ರಿಸುವ" ಅಧಿಕಾರವನ್ನು ಅದು ರಾಜ್ಯಕ್ಕೆ ಕೊಡುತ್ತದೆ. ನಿಯಂತ್ರಣ ಎಂದರೆ ಸೈಕಲ್‌ಗೆ ಪ್ರತ್ಯೇಕ ಪಥ ಮಾಡಿಕೊಡುವುದೂ ಆಗಬಹುದು, "ನೀನು ಇಲ್ಲಿಗೆ ಬರಬೇಡ" ಎನ್ನುವುದೂ ಆಗಬಹುದು. ಎರಡನೆಯದು ಸುಲಭ, ಖರ್ಚಿಲ್ಲದ್ದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ರಿಕ್ಷಾ, ಟ್ರ್ಯಾಕ್ಟರುಗಳ ಜೊತೆಗೆ ಯಂತ್ರರಹಿತ ವಾಹನಗಳನ್ನೂ ನಿಷೇಧಿಸಲಾಯಿತು. ಅಲ್ಲಿ ಪಕ್ಕದಲ್ಲಿ ಸರ್ವಿಸ್ ರಸ್ತೆ ಇದೆ ಎಂಬ ಸಮಾಧಾನವಿದೆ. ನಮ್ಮ 66ನೇ ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ ಒಂದು ಪೇಟೆಯಲ್ಲಿ ಶುರುವಾಗಿ ಒಂದು ಸೇತುವೆಯ ಬಳಿ ಇದ್ದಕ್ಕಿದ್ದಂತೆ ಮುಗಿಯುತ್ತದೆ. ನದಿ ದಾಟಲು ಬೇರೆ ದಾರಿ ಇಲ್ಲ. ಇಂತಹ ಕಡೆ ನಿಷೇಧವೊಂದೇ ಬಂದರೆ ಸೈಕಲ್ ಸವಾರ ಕಾನೂನು ಮುರಿದೇ ಕೆಲಸಕ್ಕೆ ಹೋಗಬೇಕಾದೀತು. ನಾಳೆ ಅಪಘಾತವಾದರೆ ತಪ್ಪೂ ಅವನದ್ದೇ ಎಂದಾದೀತು. ಸೈಕಲ್ ಮತ್ತು ಪಾದಚಾರಿಗಳಿಗಾಗಿ ರಾಜ್ಯ ಸರಕಾರದ ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲೇ ಒಂದು ಮಸೂದೆಯ ಕರಡನ್ನು ಸಿದ್ಧಪಡಿಸಿತ್ತು. ಹಾಗಾಗಿ ಸರಕಾರ ಸೊನ್ನೆಯಿಂದ ಶುರುಮಾಡಬೇಕಾಗಿಲ್ಲ.

ಇನ್ನು ಈಗಿರುವ ಕಾನೂನಿಗೆ ಬರೋಣ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಸೈಕಲ್ ಮೋಟಾರು ವಾಹನವಲ್ಲ. ಅದಕ್ಕೆ ಲೈಸೆನ್ಸ್ ಬೇಡ, ನೋಂದಣಿ ಬೇಡ, ವಿಮೆ ಕಡ್ಡಾಯವಲ್ಲ. (ಪಂಚಾಯತಿಗೆ ದುಡ್ಡು ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸುತ್ತಿದ್ದ ಕಾಲ, ಡೈನಮೊ ಇಲ್ಲದೆ ಡಬ್ಬಲ್ ರೈಡ್ ಹೋಗಿ ಪೊಲೀಸರ ಕೈಗೆ ಸಿಕ್ಕಿದ ಕಾಲ ಹಿರಿಯರಿಗೆ ನೆನಪಿರಬಹುದು.) ಹೆಲ್ಮೆಟ್ ಕಡ್ಡಾಯ ಮಾಡುವ 129ನೇ ಕಲಮು ಮೋಟಾರು ಸೈಕಲ್ಲಿಗೆ ಸಂಬಂಧಿಸಿದ್ದು. ಇದರಿಂದಾಗಿ ಅನೇಕರು ಸೈಕಲ್ ಸವಾರ ಕಾನೂನಿನ ಹೊರಗಿನವನು, ಅವನಿಗೆ ಪರಿಹಾರವೂ ಇಲ್ಲ ಎಂದು ಭಾವಿಸಿದ್ದಾರೆ. ಇದು ಪೂರ್ಣ ತಪ್ಪು ತಿಳುವಳಿಕೆ. ಅವನ ಕೈಯಲ್ಲಿ ವಿಮಾ ಪಾಲಿಸಿ ಇರಬೇಕಾಗಿಲ್ಲ. ಅವನಿಗೆ ಗುದ್ದಿದ ವಾಹನಕ್ಕೆ ಇದ್ದರೆ ಸಾಕು. ಪ್ರತಿಯೊಂದು ಮೋಟಾರು ವಾಹನಕ್ಕೂ 146ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆ "ಥರ್ಡ್ ಪಾರ್ಟಿ" ಎಂದರೆ ಬೇರೆ ಯಾರೂ ಅಲ್ಲ, ರಸ್ತೆಯಲ್ಲಿರುವ ಪಾದಚಾರಿ, ಸೈಕಲ್ ಸವಾರ.

ವಾಹನ ಚಲಾಯಿಸುವವರ ಕರ್ತವ್ಯವನ್ನೂ ಕಾನೂನು ಸ್ಪಷ್ಟವಾಗಿ ಹೇಳಿದೆ. 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳಲ್ಲಿ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ಸುರಕ್ಷತೆಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕೆಂದಿದೆ. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಒದಗಿಸಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು ಎಂದು ಕಾಯ್ದೆಯ 134ನೇ ಕಲಮು ಹೇಳುತ್ತದೆ.

ಆದರೆ ನಮ್ಮಲ್ಲಿ ನಡೆಯುವುದೇನು? ಬೈಕೋ ಕಾರೋ ತಾಗಿ ಸೈಕಲ್ಲಿನವನು ಬೀಳುತ್ತಾನೆ. ನಾಲ್ಕು ಜನ ಸೇರುತ್ತಾರೆ. "ಕೇಸು ಯಾಕೆ, ಕೋರ್ಟು ಯಾಕೆ" ಎಂದು ಯಾರೋ ಹೇಳುತ್ತಾರೆ. ವಾಹನದವರು ಎರಡೋ ಮೂರೋ ಸಾವಿರ ರೂಪಾಯಿ ಕೈಗಿಟ್ಟು, ಸೈಕಲ್ ರಿಪೇರಿ ಮಾಡಿಸುತ್ತೇವೆಂದು ಹೇಳಿ ಹೋಗುತ್ತಾರೆ. ಗಾಯಾಳು ಮನೆಗೆ ಹೋಗಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾನೆ. ಮೂರನೆಯ ದಿನ ಏಳಲಾಗದೆ ಎಕ್ಸ್‌ರೇ ತೆಗೆಸಿದಾಗ ಸೊಂಟದ ಮೂಳೆ ಮುರಿದಿರುವುದು ತಿಳಿಯುತ್ತದೆ. ಅಷ್ಟರಲ್ಲಿ ವಾಹನದ ನಂಬರು ಯಾರಿಗೂ ನೆನಪಿಲ್ಲ. ರಸ್ತೆಬದಿಯ ಈ ರಾಜಿ ಪಂಚಾತಿಗೆಯಷ್ಟು ನಷ್ಟ ಬಡವರಿಗೆ ಇನ್ನಾವುದರಿಂದಲೂ ಆಗುತ್ತಿಲ್ಲವೆಂದು ನಾವು ಖಂಡಿತವಾಗಿ ಹೇಳಬಲ್ಲೆವು. ರಾಜಿ ಮಾಡಿಸುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅವರು ಉಳಿಸಿಕೊಡುವುದು ವಾಹನ ಮಾಲಕನ ತಾಪತ್ರಯವನ್ನು ಮಾತ್ರ. ಪರಿಹಾರ ಕೊಡಬೇಕಾದದ್ದು ಆ ಮಾಲಕನ ಕಿಸೆಯಿಂದಲೂ ಅಲ್ಲ, ವಿಮಾ ಕಂಪೆನಿಯಿಂದ. ಅದಕ್ಕಾಗಿಯೇ ಆತ ವರ್ಷವರ್ಷ ಪ್ರೀಮಿಯಂ ಕಟ್ಟುತ್ತಾನೆ.

ಎಷ್ಟು ನಷ್ಟವಾಗುತ್ತದೆ ಎಂಬುದು ತಿಳಿಯಬೇಕಾದರೆ ಒಂದು ಲೆಕ್ಕ ಮಾಡಿ ನೋಡೋಣ. 44 ವರ್ಷದ, ತಿಂಗಳಿಗೆ 12,000 ರೂಪಾಯಿ ದುಡಿಯುವ ಒಬ್ಬ ಸ್ವಂತ ಉದ್ಯೋಗದ ಸೈಕಲ್ ಸವಾರ ಲಾರಿ ಬಡಿದು ತೀರಿಕೊಂಡ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಮುದಿ ತಾಯಿ. ವರ್ಷದ ಆದಾಯ 1,44,000. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನಂತೆ ಈ ವಯಸ್ಸಿನ ಸ್ವಂತ ಉದ್ಯೋಗಿಯ ಮುಂದಿನ ದಿನಗಳ ಗಳಿಕೆಗಾಗಿ ಶೇಕಡಾ 25 ಸೇರಿಸಬೇಕು. 1,80,000 ಆಯಿತು. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆದರೆ ಉಳಿಯುವುದು 1,35,000. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 41ರಿಂದ 45 ವಯಸ್ಸಿಗೆ ಗುಣಕ 14. ಗುಣಿಸಿದರೆ 18,90,000 ರೂಪಾಯಿ. ಇದಕ್ಕೆ ಅಂತ್ಯಕ್ರಿಯೆ ಮೊದಲಾದ ಸಣ್ಣ ಬಾಬತ್ತುಗಳು ಬೇರೆ ಸೇರುತ್ತವೆ. ಸಂಬಳ ಚೀಟಿ ಇಲ್ಲವಲ್ಲ ಎಂದು ಹೆದರಬೇಕಾಗಿಲ್ಲ. ಆದಾಯಕ್ಕೆ ದಾಖಲೆ ಇಲ್ಲದವರಿಗೆ ನ್ಯಾಯಾಲಯಗಳು ಅಂದಾಜು ಆದಾಯ ಹಿಡಿಯುತ್ತವೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಮಾಡಿರುವ ವರ್ಷವಾರು ಪಟ್ಟಿಯನ್ನು ನಮ್ಮ ಹೈಕೋರ್ಟೂ ಬಳಸುತ್ತ ಬಂದಿದೆ.

ಇದು 166ನೇ ಕಲಮಿನ ಅರ್ಜಿಯ ಮಾತು. ಇಲ್ಲಿ ವಾಹನದ ಚಾಲಕನ ತಪ್ಪನ್ನು ತೋರಿಸಬೇಕಾಗುತ್ತದೆ. ತಪ್ಪು ಯಾರದೆಂದು ನೋಡದೆ ಕೊಡುವ ಇನ್ನೊಂದು ದಾರಿ 164ನೇ ಕಲಮಿನಲ್ಲಿದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಬೇಗ ಸಿಗುವುದು ಇದೇ. ಆದರೆ ಎಚ್ಚರ, ವಿಮಾ ಕಂಪೆನಿ ಈ ಮೊತ್ತವನ್ನು ಮುಂದಿಟ್ಟಾಗ ಸಹಿ ಹಾಕಿ ಸ್ವೀಕರಿಸಿದರೆ 166ನೇ ಕಲಮಿನ ಅರ್ಜಿ ಅಲ್ಲಿಗೆ ಬಿದ್ದುಹೋಗುತ್ತದೆ. ಮೇಲಿನ ಲೆಕ್ಕದಲ್ಲಿ 18 ಲಕ್ಷ 90 ಸಾವಿರಕ್ಕೆ ಬದಲಾಗಿ 5 ಲಕ್ಷ. ಅವಸರದಲ್ಲಿರುವ ವಿಧವೆಗೆ ಇದನ್ನು ಹೇಳುವವರು ಬೇಕು. ಸವಾರನದ್ದೇ ತಪ್ಪು ಹೆಚ್ಚು, ಉದಾಹರಣೆಗೆ ಕತ್ತಲೆಯಲ್ಲಿ ದೀಪವಿಲ್ಲದೆ ಎದುರು ದಿಕ್ಕಿನಲ್ಲಿ ಬರುತ್ತಿದ್ದ ಎಂದಾದರೆ ಮಾತ್ರ 164ನೇ ಕಲಮು ಮೇಲು. ಏಕೆಂದರೆ 166ರಲ್ಲಿ ಸವಾರನ ತಪ್ಪಿನ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ.

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸವಾಗಿರುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೂ ಹಾಕಬಹುದು. ಇಲ್ಲಿ ದುಡಿಯಲು ಬಂದು ಮಡಿದ ಬಿಹಾರದ ಕಾರ್ಮಿಕನ ತಂದೆ ತಾಯಿ ತಮ್ಮ ಜಿಲ್ಲೆಯಲ್ಲೇ ಕೇಳಬಹುದು. ಅವಧಿಯ ವಿಷಯದಲ್ಲಿ ಮಾತ್ರ ಗಮನವಿರಲಿ. 2022ರ ಏಪ್ರಿಲ್ 1ರಿಂದ ಅಪಘಾತದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಮಿತಿ ಜಾರಿಗೆ ಬಂದಿದೆ. ಈ ಮಿತಿಯನ್ನು ಪ್ರಶ್ನಿಸಿದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ತಿರಸ್ಕರಿಸಬಾರದೆಂದಿತು. ಹಾಗೆಂದು ಅದನ್ನು ನಂಬಿ ಕುಳಿತುಕೊಳ್ಳುವುದು ಬೇಡ, ಆರು ತಿಂಗಳೆಂದೇ ತಿಳಿದು ಓಡಾಡಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಬಹುದು. "ಇಷ್ಟು ಪರ್ಸೆಂಟ್ ನನಗೆ" ಎಂದು ಆಸ್ಪತ್ರೆಯ ಬಾಗಿಲಲ್ಲೇ ವಕಾಲತ್ತು ಸಹಿ ಮಾಡಿಸಿಕೊಳ್ಳುವ ದಲ್ಲಾಳಿಗಳನ್ನು ದೂರವಿಡುವುದು ಒಳ್ಳೆಯದು.

ಗುದ್ದಿದ ವಾಹನ ನಿಲ್ಲಿಸದೆ ಓಡಿಹೋದರೆ? ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಸೈಕಲ್‌ಗಳಿಗೆ ಆಗುವುದು ಹೆಚ್ಚಾಗಿ ಇದೇ. ಇಲ್ಲಿಯೂ ದಾರಿ ಮುಚ್ಚಿಲ್ಲ. 161ನೇ ಕಲಮಿನಡಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಕೋರ್ಟಿಗೆ ಹೋಗಬೇಕಾಗಿಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಅರ್ಜಿ ಕೊಟ್ಟರೆ ವಿಚಾರಣೆ ನಡೆದು ಜಿಲ್ಲಾಧಿಕಾರಿಯ ಮೂಲಕ ಮಂಜೂರಾಗುತ್ತದೆ. ತೀವ್ರ ಗಾಯ ಎಂದರೆ ಕೈಕಾಲು ಹೋಗಬೇಕೆಂದಿಲ್ಲ. ಕಾನೂನಿನ ಅರ್ಥದಲ್ಲಿ ಮೂಳೆ ಮುರಿತ, ಹಲ್ಲು ಮುರಿತವೂ ತೀವ್ರ ಗಾಯವೇ.

ಇಷ್ಟು ಸುಲಭದ ಯೋಜನೆಯನ್ನು ಎಷ್ಟು ಜನ ಬಳಸಿದ್ದಾರೆ? 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಅಂಕಿಅಂಶ ನೋಡಿ ನಾವು ಬೆರಗಾದೆವು. 2022ರಲ್ಲಿ ದೇಶದಲ್ಲಿ ಹೀಗೆ ಗುದ್ದಿ ಓಡಿದ ಅಪಘಾತಗಳು 67,387. 2022–23ರ ಹಣಕಾಸು ವರ್ಷದಲ್ಲಿ ಬಂದ ಅರ್ಜಿಗಳು 205. ಇತ್ಯರ್ಥವಾದದ್ದು 95. ಅರವತ್ತೇಳು ಸಾವಿರದ ಎದುರು ಇನ್ನೂರ ಐದು! ಸಂತ್ರಸ್ತರಿಗೆ ಈ ಯೋಜನೆಯ ಬಗ್ಗೆ ಪೊಲೀಸರೇ ತಿಳಿಸಬೇಕೆಂದು ಕೋರ್ಟು ಆಗ ಆದೇಶಿಸಿತು. ದುಡ್ಡಿಲ್ಲದ ಕಾರಣಕ್ಕೆ ನಿಂತ ಯೋಜನೆ ಇದಲ್ಲ. ಕೇಳುವವರೇ ಇಲ್ಲ, ಹೇಳಿಕೊಡುವವರೂ ಇಲ್ಲ.

ಅಪಘಾತದ ಮೊದಲ ಗಂಟೆಯ ಬಗ್ಗೆ ಎರಡು ಮಾತು. 2025ರ ಮೇ 5ರಂದು ಕೇಂದ್ರ ಸರಕಾರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಮೋಟಾರು ವಾಹನದಿಂದ ಯಾವುದೇ ರಸ್ತೆಯಲ್ಲಿ ಅಪಘಾತವಾದ ಯಾರಿಗೇ ಆಗಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಸಿಗಬೇಕು. 112ಕ್ಕೆ ಕರೆ ಮಾಡಿ, ಆಸ್ಪತ್ರೆಯ ಕೌಂಟರಿನಲ್ಲಿ ಈ ಯೋಜನೆಯ ಹೆಸರು ಹೇಳಿ ಕೇಳಬೇಕು. ಕೇಳದೆ ಕೊಡುವ ಕಡೆಗಳು ಕಡಿಮೆ. ಇನ್ನು, "ನಾವು ಎತ್ತಿ ಆಸ್ಪತ್ರೆಗೆ ಹಾಕಿದರೆ ಪೊಲೀಸರು ನಮ್ಮನ್ನೇ ಹಿಡಿಯುತ್ತಾರೆ" ಎಂಬ ಹಳೆಯ ಭಯ ಇನ್ನೂ ಹೋಗಿಲ್ಲ. 2016ರ ಮಾರ್ಚ್ 30ರ ಸುಪ್ರೀಂ ಕೋರ್ಟ್ ತೀರ್ಪು, ಅದೇ ವರ್ಷದ ಕರ್ನಾಟಕ ಕಾಯ್ದೆ, 2019ರ ತಿದ್ದುಪಡಿಯ 134ಎ ಕಲಮು, ಇವು ಮೂರೂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತವೆ. ಹೆಸರು ವಿಳಾಸ ಹೇಳಲು ಒತ್ತಾಯಿಸುವಂತಿಲ್ಲ.

ಆಸ್ಪತ್ರೆಯಲ್ಲಿ ಒಂದು ತಪ್ಪು ನಡೆಯುತ್ತದೆ. ಕೇಸಿನ ರಗಳೆ ಬೇಡವೆಂದು "ಸೈಕಲ್ಲಿನಿಂದ ಜಾರಿ ಬಿದ್ದದ್ದು" ಎಂದು ಬರೆಸುತ್ತಾರೆ. ಆ ಒಂದು ಸಾಲು ಮುಂದೆ ಇಡೀ ಪ್ರಕರಣವನ್ನು ಕೆಡಿಸುತ್ತದೆ, ವಿಮಾ ಕಂಪೆನಿಯ ವಕೀಲರು ಮೊದಲು ಹುಡುಕುವುದೇ ಅದನ್ನು. ವಾಹನ ಬಡಿದದ್ದಾದರೆ ಹಾಗೆಯೇ ಹೇಳಿ ಎಂಎಲ್‌ಸಿ ಮಾಡಿಸಬೇಕು. ವಾಹನದ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಬೇಕು. ಆ ನಂಬರಿನಿಂದ ವಿಮೆ ಇದೆಯೇ ಎಂದು ಎಂಪರಿವಾಹನ್ ಆ್ಯಪಿನಲ್ಲಿ ನೋಡಬಹುದು. ಮುರಿದ ಸೈಕಲನ್ನು ಕೂಡಲೇ ಗುಜರಿಗೆ ಹಾಕಬಾರದು. ದೂರು ಕೊಡಲು ಕೆಲವು ದಿನ ತಡವಾದರೂ ಕೈಬಿಡಬೇಡಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೂ ಮೊದಲು ವಿಮಾ ಕಂಪೆನಿ ಕೊಟ್ಟು ಬಳಿಕ ಮಾಲಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುತ್ತ ಬಂದಿವೆ. ವಾಹನಕ್ಕೆ ವಿಮೆಯೇ ಇಲ್ಲದಿದ್ದರೆ ಮಾಲಕನೇ ಹೊಣೆ, ಆದರೆ ಅವನಿಂದ ವಸೂಲಿ ಮಾಡುವುದು ನಿಜಕ್ಕೂ ಕಷ್ಟದ ಕೆಲಸ.

ಯಾವ ವಾಹನವೂ ಬಡಿಯದೆ, ಹೊಂಡಕ್ಕೆ ಬಿದ್ದೋ ನಾಯಿ ಅಡ್ಡ ಬಂದೋ ಸವಾರ ಬಿದ್ದರೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಬಾಂಬೆ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ರಸ್ತೆ ಹೊಂಡದಿಂದಾದ ಸಾವಿಗೆ 6 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತಾದರೂ ಅದು ಮಹಾರಾಷ್ಟ್ರದ ಮಾತು. ಇಲ್ಲಿ ನಮ್ಮ ನೆರವಿಗೆ ಬರುವುದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. 2022ರ ಜೂನ್ 1ರಿಂದ ಇದರ ಪ್ರೀಮಿಯಂ ವರ್ಷಕ್ಕೆ 20 ರೂಪಾಯಿ, ಒಂದು ಸೋಡಾ ಶರಬತ್ತಿನ ದುಡ್ಡು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಕಾಲು ಹೋದರೆ 1 ಲಕ್ಷ. ಬ್ಯಾಂಕ್ ಅಥವಾ ಅಂಚೆ ಕಚೇರಿಯ ಖಾತೆ ಇರುವ 18ರಿಂದ 70 ವಯಸ್ಸಿನ ಎಲ್ಲರೂ ಸೇರಬಹುದು. ಬರೀ ಮೂಳೆ ಮುರಿತಕ್ಕೆ, ಆಸ್ಪತ್ರೆ ಖರ್ಚಿಗೆ ಇದರಲ್ಲಿ ಏನೂ ಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 18 ದಾಟದ ಮಕ್ಕಳಿಗೂ ಇಲ್ಲ. 2006–07ರಿಂದ ಹಲವು ವರ್ಷ ನಮ್ಮ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಸೈಕಲ್ ಕೊಟ್ಟವರಾಗಲೀ, ಪಡೆದ ಶಾಲೆಯವರಾಗಲೀ ಆ ಮಕ್ಕಳ ವಿಮೆಯ ಬಗ್ಗೆ ಹೆಚ್ಚು ಯೋಚಿಸಿದಂತಿಲ್ಲ. ವಿಮಾ ಕಂಪೆನಿಗಳಲ್ಲಿ ವಿದ್ಯಾರ್ಥಿಗಳಿಗಾಗಿ ಸಮೂಹ ಅಪಘಾತ ಪಾಲಿಸಿಗಳಿವೆ. ಶಾಲಾ ಆಡಳಿತಗಳು ಜೂನ್ ತಿಂಗಳಲ್ಲೇ ಇದನ್ನು ವಿಚಾರಿಸಬಹುದು.

ಸವಾರನ ಹೊಣೆಯ ಬಗ್ಗೆಯೂ ಹೇಳದಿದ್ದರೆ ನ್ಯಾಯವಾಗದು. ಅಜಾಗರೂಕತೆಯಿಂದ ಸವಾರಿ ಮಾಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಸೈಕಲ್ಲಿನವರಿಗೂ ಅನ್ವಯಿಸುತ್ತದೆ. ಸೈಕಲ್ ತಾಗಿ ಮುದುಕಿಯೊಬ್ಬರ ಕಾಲು ಮುರಿದರೆ ಕೊಡಲು ವಿಮಾ ಕಂಪೆನಿ ಇಲ್ಲ, ಸ್ವಂತ ಕಿಸೆಯೇ ಗತಿ. ನಮ್ಮ ಹೆದ್ದಾರಿಯಲ್ಲಿ ಡಿವೈಡರಿನ ತೆರವು ದೂರವಿದೆಯೆಂದು ಎದುರು ದಿಕ್ಕಿನಲ್ಲಿ ಬರುವುದು ಅಭ್ಯಾಸವಾಗಿಬಿಟ್ಟಿದೆ. ಕಾಲಿಗೆ ಅರ್ಧ ಮೈಲು ಉಳಿಯುತ್ತದೆ, ಆದರೆ ಬಸ್ಸಿನ ವೇಗಕ್ಕೆ ನಮ್ಮ ವೇಗವೂ ಕೂಡಿಕೊಂಡು ಬಡಿಯುತ್ತದೆ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕರಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿಯುವುದು ಇನ್ನೂ ಕೆಟ್ಟದ್ದು. ಬ್ರೇಕಿಗೆ ಸಿಗುವುದು ಒಂದೇ ಕೈ, ಗಾಳಿ ಬೀಸಿದರೆ ಕೊಡೆ ಎಳೆಯುವುದು ರಸ್ತೆಯ ನಡುವಿಗೆ. ಹಳದಿ ಬಣ್ಣದ ಮಳೆ ಅಂಗಿ, ಹಿಂದೆ ಒಂದು ಕೆಂಪು ದೀಪ, ಪೆಡಲಿಗೂ ಮಡ್‌ಗಾರ್ಡಿಗೂ ಹೊಳೆಯುವ ಸ್ಟಿಕ್ಕರ್, ಇವಿಷ್ಟರ ಖರ್ಚು ಒಂದು ಜೊತೆ ಚಪ್ಪಲಿಯಷ್ಟೂ ಆಗದು. ಡಾಮರಿನ ಅಂಚು ಮಣ್ಣಿಗಿಂತ ಗೇಣುದ್ದ ಮೇಲಿರುವ ಕಡೆ ತೀರಾ ಅಂಚಿಗೆ ಒತ್ತಿ ಹೋಗುವುದೂ ಅಪಾಯವೇ. ಟ್ಯಾಂಕರ್ ಅಥವಾ ಕೆಂಪುಕಲ್ಲಿನ ಲಾರಿ ಎಡಕ್ಕೆ ತಿರುಗುವಾಗ ಅದರ ಎಡಬದಿಯಲ್ಲಿ ಮಾತ್ರ ಎಂದಿಗೂ ಇರಬಾರದು, ಚಾಲಕನಿಗೆ ಅಲ್ಲಿ ಏನೂ ಕಾಣುವುದಿಲ್ಲ. ಹೆಲ್ಮೆಟ್ ಕಡ್ಡಾಯವಲ್ಲ ಎಂದೆವು, ತಲೆ ಕಡ್ಡಾಯವೇ.

ಬ್ಯಾಟರಿ ಸೈಕಲ್ ಕೊಳ್ಳುವವರು ಒಂದನ್ನು ನೋಡಿಕೊಳ್ಳಬೇಕು. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದರಷ್ಟೇ ಲೈಸೆನ್ಸ್, ನೋಂದಣಿ, ವಿಮೆಯಿಂದ ವಿನಾಯಿತಿ. ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ವೇಗದ ಮಿತಿ ತೆಗೆಸಿದ ಕ್ಷಣ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಗುತ್ತದೆ.

ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು, ಸ್ವಸಹಾಯ ಸಂಘದ ಸಹೋದರಿಯರು ಮನೆ ಭೇಟಿಗೆ ಹೋಗುವಾಗ ಅಂಗಳದಲ್ಲಿ ಸೈಕಲ್ ಕಂಡರೆ ಬ್ಯಾಂಕಿನ ಪಾಸ್‌ಬುಕ್ ಕೇಳಿ ನೋಡಲಿ. ಯಾವ ಧರ್ಮದವರ ಮನೆಯೇ ಆಗಲಿ, ಬಾಡಿಗೆ ಶೆಡ್ಡಿನ ಹೊರ ರಾಜ್ಯದ ಕಾರ್ಮಿಕರೇ ಆಗಲಿ. ಸುರಕ್ಷಾ ಬಿಮಾದ ವರ್ಷ ಜೂನ್ 1ರಿಂದ ಮೇ 31. ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ 20 ರೂಪಾಯಿ ತಾನಾಗಿಯೇ ಕಡಿತವಾಗಬೇಕು. ಖಾತೆಯಲ್ಲಿ ದುಡ್ಡಿಲ್ಲದೆ ಕಡಿತವಾಗದಿದ್ದರೆ ರಕ್ಷಣೆ ನಿಲ್ಲುತ್ತದೆ, ಮನೆಯವರಿಗೆ ಅದು ತಿಳಿಯುವುದೂ ಇಲ್ಲ. ಒಂದು ವೇಳೆ ಅಪಘಾತವಾಗಿಯೇ ಬಿಟ್ಟರೆ ಬ್ಯಾಂಕಿಗೆ 30 ದಿನಗಳೊಳಗೆ ಕ್ಲೇಮು ಅರ್ಜಿ ಕೊಡುವುದು ಉತ್ತಮ. ಜೊತೆಗೆ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ಇವೇ ಕಾಗದಗಳು ನ್ಯಾಯಮಂಡಳಿಗೂ ತಹಶೀಲ್ದಾರರ ಕಚೇರಿಗೂ ಬೇಕಾಗುವುದರಿಂದ ಮೊದಲ ದಿನವೇ ನಾಲ್ಕು ಜೆರಾಕ್ಸ್ ಮಾಡಿಸಿ ಇಡುವುದು ಒಳ್ಳೆಯದು.